ಪರೀಕ್ಷೆಗೆ ಮೊದಲೇ ಬಂದ ಅಧಿಕಾರ

ಸೌಂದರ್ಯಾ ತೆಲಂಗಾಣ ಸರ್ಕಾರದ ಗ್ರೂಪ್-ಒನ್ ಅಧಿಕಾರಿಗಳ ಪರೀಕ್ಷೆಗೆ ಅರ್ಜಿ ಹಾಕಿದ ವಾರವೇ ಅವಳ ಮಾವ ಅಮೃತಪ್ಪನವರು ಅಧಿಕಾರ ವಹಿಸಿಕೊಂಡರು. ಸಿಕಂದರಾಬಾದಿನ ತಮ್ಮ ಬಟ್ಟೆ ಅಂಗಡಿಯನ್ನು ಮಗ ಶಿವಪ್ರಕಾಶನಿಗೆ ಬಿಟ್ಟುಕೊಟ್ಟ ಮೇಲೆ ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ನಾರಾಯಣಗೂಡದಲ್ಲಿ ಒಂದು ಮದುವೆಯ ಊಟಕ್ಕೆ ಕೂತಾಗ, ಬೀದರ್ ಕಡೆಯ ನೆಂಟರಿಗೆಲ್ಲ ಕೇಳುವಂತೆ ಹೇಳಿದರು:

“ನಮ್ಮ ಸೊಸಿ ಡೆಪ್ಯೂಟಿ ಕಲೆಕ್ಟರ್ ಆಗಾಕತ್ತಾಳ್ರಿ.”

“ಪರೀಕ್ಷಾ ಯಾವಾಗ್ರಿ?” ಎಂದು ಯಾರೋ ಕೇಳಿದರು.

“ಹಾಂ, ಅದೂ ಒಂದು ಐತಿ.”

ಡೆಪ್ಯೂಟಿ ಕಲೆಕ್ಟರ್ ಆಗಲಿದ್ದವಳು ಸದ್ಯಕ್ಕೆ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದಳು. ಬೆಳಿಗ್ಗೆ ಎಲ್ಲರ ಡಬ್ಬಿ ಕಟ್ಟಿ, ಬಸ್ಸಿನಲ್ಲಿ ನಿಂತುಕೊಂಡೇ ಸಂವಿಧಾನ ಓದಿ, ಊಟದ ಬಿಡುವಿನಲ್ಲಿ ಕಾಕತೀಯರ ಆಳ್ವಿಕೆ ಮುಗಿಸಿ, ಸಂಜೆ ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದಳು.

ಆ ಮದುವೆಯ ನಂತರ ಮನೆಗೆ ಜನ ಬರತೊಡಗಿದರು. ಒಬ್ಬರಿಗೆ ಮಗಳ ವರ್ಗಾವಣೆ ಆಗಬೇಕು, ಇನ್ನೊಬ್ಬರಿಗೆ ರೇಷನ್ ಕಾರ್ಡ್ ಬೇಕು. ಅಮೃತಪ್ಪನವರು ಬೀದಿ ಕಡೆಯ ವರಾಂಡದಲ್ಲಿ ಸೋಫಾ ಹಾಕಿಸಿಕೊಂಡು ಅಹವಾಲು ಕೇಳುತ್ತಿದ್ದರು. “ಆಗ್ತೈತಿ, ನಾ ಹೇಳ್ತೀನಿ ಆಕಿಗೆ,” ಎಂದು ಭರವಸೆ ಕೊಟ್ಟು, ಒಳಗೆ ತಿರುಗಿ, “ಸೌಂದರ್ಯಾ, ಚಾ ತಗೊಂಬಾ!” ಎಂದು ಕೂಗುತ್ತಿದ್ದರು. ಅವಳು ಪುಸ್ತಕ ಮಡಚುವುದು ತುಸು ತಡವಾದರೆ ಅತ್ತೆ ಗಿರಿಜಾಬಾಯಿ, “ಪುಸ್ತಕೇನು ಓಡಿ ಹೋಗ್ತಾವೇನು? ಮಂದಿ ಕುಂತಾರ,” ಎನ್ನುತ್ತಿದ್ದರು. ಗಂಡ ಶಿವಪ್ರಕಾಶನಿಗೆ ಹೇಳಿದರೆ, “ಅಪ್ಪಗ ಖುಷಿ ಐತಿ, ಇರ್ಲಿ ಬಿಡು,” ಎಂದು ಮೊಬೈಲ್ ನೋಡುತ್ತಲೇ ಹೇಳಿದ.

ಪರೀಕ್ಷೆ ಹತ್ತಿರ ಬಂದಿತ್ತು. ಅವಳಿಗೆ ಮನೆಯಲ್ಲಿ ಕೂತು ಓದಲು ಸಿಗುತ್ತಿದ್ದದ್ದು ಭಾನುವಾರವೊಂದೇ. ಆ ಭಾನುವಾರ ದೂರದ ನೆಂಟ ಸತೀಶ ಬಂದ. ಪರವಾನಗಿ ಇಲ್ಲದೆ ಮೂರನೇ ಮಹಡಿ ಕಟ್ಟಿ ನೋಟಿಸ್ ತರಿಸಿಕೊಂಡಿದ್ದ.

“ಮೇಡಂ ಒಂದು ಮಾತು ಹೇಳಿದ್ರ ಸಾಕ್ರಿ ಕಾಕಾ.”

“ನಮ್ಮ ಹುಡುಗಿ, ಹೇಳದ ಇರ್ತಾಳೇನು?” ಎಂದರು ಅಮೃತಪ್ಪ.

ಚಹಾ ತಂದಿದ್ದ ಸೌಂದರ್ಯಾ ತಟ್ಟೆಯನ್ನು ಕೆಳಗಿಟ್ಟಳು. ಒಳಗೆ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

“ಪರವಾನಗಿ ಇಲ್ದಿದ್ರ ಕೆಡವಬೇಕಾಗ್ತೈತಿ, ಅಣ್ಣಾ.”

ಸತೀಶ ನಕ್ಕ. ಅವಳು ನಗಲಿಲ್ಲ.

“ನಿಮ್ಮದಷ್ಟ ಕೆಡವಿಸಿದ್ರ ನಾಲ್ಕು ಮಂದಿ ಏನಂತಾರ? ಮೊದಲ ನಮ್ಮ ಮನೀದ ಕೆಡವಸ್ತೀನಿ. ಈ ವರಾಂಡ ಮಾವಾರು ಗಲ್ಲಿ ಜಾಗಾದಾಗ ಕಟ್ಟಿಸ್ಯಾರ. ನೀವಿಬ್ಬರೂ ಈಗ ಕುಂತಿದ್ದು ಸರ್ಕಾರಿ ರಸ್ತಾದ ಮ್ಯಾಲ.”

ಸತೀಶ ಕಾಲು ಎತ್ತಿ ನೆಲ ನೋಡಿದ. ಅಮೃತಪ್ಪನವರ ಮುಖ ಬಿಳಿಚಿಕೊಂಡಿತು. “ಚ್ಯಾಷ್ಟಿ ಮಾಡ್ತಾಳ, ನಮ್ಮ ಹುಡುಗಿ…”

“ಚ್ಯಾಷ್ಟಿ ಅಲ್ರಿ ಮಾವಾರ. ಅಧಿಕಾರಿ ಆಗಾಕತ್ತಾಳ ಅಂತ ನೀವ ಊರ ತುಂಬಾ ಹೇಳೀರಿ.”

ಸತೀಶ ಚಹಾ ಮುಟ್ಟದೆ ಎದ್ದು ಹೋದ. ಸುದ್ದಿ ಮಾತ್ರ ಎಲ್ಲರ ಮನೆ ಮುಟ್ಟಿಸಿದ. ಅಹವಾಲುಗಳು ನಿಂತವು. ಅಮೃತಪ್ಪನವರು ಸೋಫಾ ಬಿಟ್ಟು ಒಳಮನೆ ಸೇರಿ ಹೆಂಡತಿಗೆ, “ಆ ಪರೀಕ್ಷಾ ಭಾಳ ಕಠಿಣ ಅಂತ. ಒಂದ ಸಲಕ್ಕ ಯಾರಿಗೂ ಆಗಂಗಿಲ್ಲಂತ,” ಎಂದು ಆಸೆಯಿಂದ ಹೇಳಿದರು. ಖಾಲಿಯಾದ ವರಾಂಡದಲ್ಲಿ ಸೌಂದರ್ಯಾ ಪುಸ್ತಕ ಹರವಿಕೊಂಡಳು.

ಆದರೂ ಫಲಿತಾಂಶದಲ್ಲಿ ಅವಳ ನಂಬರ್ ಇರಲಿಲ್ಲ. ಅದಕ್ಕೂ ಮೊದಲಿನ ಭಾನುವಾರಗಳೆಲ್ಲ ಚಹಾ ಸೋಸುವುದರಲ್ಲೇ ಕಳೆದಿದ್ದವು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಮೃತಪ್ಪನವರು ಅಂದು, ಎಷ್ಟೋ ದಿನಗಳ ನಂತರ, ಹೊಟ್ಟೆ ತುಂಬ ಉಂಡರು.

ಮುಂದಿನ ಪರೀಕ್ಷೆಗೆ ಅವಳು ಯಾರಿಗೂ ಹೇಳದೆ ಅರ್ಜಿ ಹಾಕಿದಳು. ಆಮೇಲೆ ಊಟಕ್ಕೆ ಕೂತಾಗ ಗಂಡನಿಗೆ, “ನಾಳಿಂದ ಸಂಜಿ ರೊಟ್ಟಿ ನೀವು ಖಾನಾವಳಿಯಿಂದ ತರ್ರಿ,” ಎಂದಳು.

“ಯಾಕ?”

“ನನಗ ಓದೂದು ಐತಿ.”

ಶಿವಪ್ರಕಾಶ ಅಪ್ಪನ ಮುಖ ನೋಡಿದ. ಅಮೃತಪ್ಪನವರು ಸೊಸೆಯ ಮುಖ ನೋಡಿ, ತಟ್ಟೆಗೆ ತಲೆ ಬಗ್ಗಿಸಿ, “ತಗೊಂಬಾರೋ,” ಎಂದರು. “ಮೆತ್ತನ್ನವು ನೋಡಿ ತಗೊಂಬಾ.”