ಶಿವಮೂರ್ತಿಗೆ ತಮಟೆ ಬೇಡ

ತಮಟೆಯವರು ಅಂಗಳದಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸತೊಡಗಿದ್ದರು. ಮಂಚಮ್ಮ ಗಂಡನ ಹೆಣದ ಬಳಿಯಿಂದ ಎದ್ದು ಬಂದವಳೇ ಬಿಂದಿಗೆ ನೀರನ್ನು ಬೆಂಕಿಯ ಮೇಲೆ ಸುರಿದಳು.

“ಯಾರ್ ಕರ್ಸಿದ್ದು ಇವ್ರನ್ನ?”

“ನಾವೇ ಕಣಮ್ಮ,” ಎಂದು ಗುರುಪ್ರಸಾದ್ ಮುಂದೆ ಬಂದ. ಶಿವಮೂರ್ತಿಯ ಜೊತೆ ಹೈಸ್ಕೂಲಿನಲ್ಲಿ ಓದಿದವನು. ಈಗ ನಂಜನಗೂಡಿನಲ್ಲಿ ಗೊಬ್ಬರದ ಅಂಗಡಿ, ಜೊತೆಗೆ ಹಳೇ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷಗಿರಿ. ಕಾರಿನ ತುಂಬ ಕ್ಲಾಸ್‌ಮೇಟುಗಳನ್ನು ಹೇರಿಕೊಂಡು, ಆಳೆತ್ತರದ ಹಾರ ಹಿಡಿದು ಬಂದಿದ್ದ. “ನಮ್ ಶಿವಮೂರ್ತೀನ ಸುಮ್ನೆ ಕಳ್ಸಕ್ಕಾಯ್ತದಾ? ನಮ್ ಬ್ಯಾಚಿನ ಕಡೆಯಿಂದ ಗ್ರ್ಯಾಂಡಾಗಿ ಆಗ್ಲಿ ಅಂತ.”

“ತಮಟೆ ಬ್ಯಾಡ.”

“ಅವ್ವಾ,” ಮಗ ಜಗನ್ ಅವಳ ಕಿವಿಯ ಹತ್ತಿರ ಬಗ್ಗಿದ. “ಪ್ರೀತಿಯಿಂದ ತಂದವ್ರೆ. ಒಂದ್ ಗಳಿಗೆ ಬಡ್ಕೊಂಡ್ ಓಗ್ಲಿ ಬುಡು. ಬೇಜಾರ್ ಮಾಡ್ಕತಾರೆ.”

“ನಿಮ್ಮಪ್ಪ ಮಾಡ್ಕಂಡಿದ್ ಬೇಜಾರೇ ಸಾಕು ಕಣ್ಲಾ. ಅವ್ರಿಗೆ ಮಾತು ಕೊಟ್ಟಿವ್ನಿ ನಾನು.”

*

ಹೋದ ತಿಂಗಳು ಟಿ. ನರಸೀಪುರದ ಛತ್ರವೊಂದರಲ್ಲಿ ಆ ಬ್ಯಾಚಿನ ಸಮ್ಮಿಲನವಿತ್ತು. ಶಿವಮೂರ್ತಿ ಹಿಂದಿನ ಸಂಜೆಯೇ ಶರಟಿಗೆ ಇಸ್ತ್ರಿ ಹಾಕಿದ್ದ. ಸಮಾಧಾನವಾಗದೆ ಬೆಳಿಗ್ಗೆ ಮತ್ತೆ ಹಾಕಿದ. “ಮದ್ವೆ ಗಂಡು ಕಣಪ್ಪಾ!” ಎಂದು ಮಂಚಮ್ಮ ರೇಗಿಸಿದಳು.

ನಂಜನಗೂಡು–ನರಸೀಪುರ ರೂಟಿನಲ್ಲಿ ರಿಟೈರ್ ಆಗುವ ತನಕ ಬಸ್ಸು ಓಡಿಸಿದವನು ಅವನು. ಎದುರಿಗೆ ಇನ್ನೊಂದು ಬಸ್ಸು ಬಂದರೆ ಸ್ಟೀರಿಂಗಿನಿಂದ ಒಂದು ಕೈ ಎತ್ತುವುದು ಡ್ರೈವರುಗಳ ರಿವಾಜು. ಕೆಲಸ ಬಿಟ್ಟ ಮೇಲೂ ಶಿವಮೂರ್ತಿ ರಸ್ತೆ ಬದಿ ನಿಂತು ಬಸ್ಸುಗಳಿಗೆ ಕೈ ಎತ್ತುತ್ತಿದ್ದ, ಹೊಸ ಹುಡುಗರೂ ತಿರುಗಿ ಎತ್ತುತ್ತಿದ್ದರು. ಆ ದೌಲತ್ತು ಅವನಿಗೆ ಸಾಕಾಗಿತ್ತು.

ಛತ್ರದಲ್ಲಿ ಗುರುಪ್ರಸಾದ್ ಮೈಕು ಹಿಡಿದಿದ್ದ. “ಶಿವಮೂರ್ತಿ, ಎಲ್ಲಿದ್ದೀಯಪ್ಪಾ? ಇವ್ರಪ್ಪ ತಮಟೆ ಬಡಿದ್ರೆ ಊರಿಗೂರೇ ಕುಣೀತಿತ್ತು! ಬಾ, ನೀನ್ ಬಡಿ, ಮೇಷ್ಟ್ರುಗಳನ್ನ ಮೆರವಣಿಗೇಲಿ ಕರ್ಕೊಂಡ್ ಬರೋಣ.” ತಮಟೆಯೂ ತಯಾರಿತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಪುಟ್ಟರಾಜು. ಅದೇ ಊರಿನ ಮೇಲಿನ ಬೀದಿಯ ಗೌಡರ ಮನೆಯವನು, ಶಿವಮೂರ್ತಿಯ ಬೆಂಚಿನಲ್ಲೇ ಕೂತು ಓದಿದವನು.

ಶಿವಮೂರ್ತಿ ಎದ್ದು ನಿಂತ. “ನಾನು ಬಸ್ ಓಡಿಸ್ದೋನು ಕಣಪ್ಪಾ. ಬೇಕಾರೆ ಮೇಷ್ಟ್ರುಗಳನ್ನ ಮನೆ ಗಂಟ ಬಸ್ಸಲ್ ಬುಟ್ಬತ್ತೀನಿ.”

ತಮಾಷೆ ಅಂದುಕೊಂಡು ಎಲ್ಲರೂ ನಕ್ಕರು.

“ಉಣ್ಣದೆ ಎದ್ ಬಂದ್ರಾ?” ಎಂದು ರಾತ್ರಿ ಮನೆಯಲ್ಲಿ ಎಲ್ಲ ಕೇಳಿದ ಮೇಲೆ ಮಂಚಮ್ಮ ಕೇಳಿದಳು.

“ಯಾಕ್ ಬುಡ್ಲಿ? ಮೊದಲ್ನೇ ಪಂಕ್ತೀಲೇ ಕುಂತಿದ್ದೆ. ಒಬ್ಬಟ್ಟು ಇನ್ನೊಂದ್ಸಲ ಆಕಿಸ್ಕಂಡೆ.” ಶರಟು ಬಿಚ್ಚಿ ಮೊಳೆಗೆ ನೇತುಹಾಕಿದ. “ಅಷ್ಟು ಜನ್ದಲ್ಲಿ ಒಬ್ರೂ ನೀನೇನ್ ಕೆಲ್ಸ ಮಾಡ್ದೆ ಅಂತ ಕೇಳ್ನಿಲ್ಲ ಕಣೆ. ನಾನು ಕಾಣ್ನಿಲ್ಲ, ನಮ್ಮಪ್ಪನ ತಮಟೆ ಕಾಣ್ತು. ಜರ ಬಂದಿದ್ರೂ ಮೇಲಿನ ಬೀದಿ ಗೌಡ್ರ ಮನೆ ಸಾವ್ಗೆ ಬಡ್ದು, ಇತ್ಲಲ್ಲಿ ಕುಂತು ತಂಗಳು ಉಂಡವ್ನೆ ನಮ್ಮಪ್ಪ. ನಾನ್ ಸತ್ರೆ ತಮಟೆ ಬ್ಯಾಡ. ಮೇಲಿನ ಬೀದೀಲೇ ಸದ್ದಿಲ್ದೆ ಕರ್ಕೊಂಡ್ ಓಗಿ.”

“ಸಾಯೋ ಮಾತ್ಯಾಕೆ ಬುಡಿ!” ಎಂದು ಗದರಿದ ಮಂಚಮ್ಮ, ದೀಪ ಆರಿಸುವ ಮುಂಚೆ, “ಆಯ್ತು,” ಎಂದಳು.

*

“ನಿಮ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ ಕಣಪ್ಪ,” ಎಂದು ತಮಟೆಯವರಿಗೆ ಹೇಳಿದಳು. “ಕಾಪಿ ಕುಡ್ದು ಕುಂತ್ಕಳಿ.” ಆಮೇಲೆ ಕ್ಲಾಸ್‌ಮೇಟುಗಳ ಕಡೆ ತಿರುಗಿದಳು. “ನಮ್ ಶಿವಮೂರ್ತಿ ಅಂದ್ರಲ್ಲ, ಬನ್ನಿ, ಎಗಲು ಕೊಡಿ.”

ಕೇರಿಯ ಹೆಣಕ್ಕೆ ಮೇಲಿನ ಬೀದಿಯವರು ಹಾರ ಹಾಕುವುದುಂಟು, ಹೆಗಲು ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಗುರುಪ್ರಸಾದ್ ಸೊಂಟ ಹಿಡಿದುಕೊಂಡ. “ಡಿಸ್ಕ್ ಪ್ರಾಬ್ಲಮ್ ಕಣಮ್ಮ, ಡಾಕ್ಟ್ರು ಭಾರ ಎತ್ಬ್ಯಾಡ ಅಂದವ್ರೆ.” ಉಳಿದವರಿಗೆ ಅದೇ ಹೊತ್ತಿಗೆ ಫೋನು ನೋಡಬೇಕಾಯಿತು.

ಪುಟ್ಟರಾಜು ಮಾತ್ರ ಚಪ್ಪಲಿ ಬಿಟ್ಟು ಬಂದ. “ಅವತ್ತು ಜೋರಾಗಿ ಚಪ್ಪಾಳೆ ತಟ್ದೋನು ನಾನೇ ಕಣಕ್ಕ.”

“ಗೊತ್ತು. ಅವ್ರೇ ಯೋಳವ್ರೆ. ಎಡಗಡೆ ಮುಂದೆ ಇಡ್ಕೊ.”

ಬಲಗಡೆಗೆ ಜಗನ್ ನಿಂತ. ತಮಟೆಯವರಲ್ಲಿ ಹಿರಿಯನೊಬ್ಬ ತಮಟೆಯನ್ನು ಜಗಲಿಯ ಮೇಲೆ ಬೋರಲು ಹಾಕಿ ಬಂದು ಹಿಂದೆ ಒಂದು ಕಡೆಯ ಬಿದಿರು ಹಿಡಿದ, ಇನ್ನೊಂದು ಕಡೆಗೆ ಅವನ ಜೊತೆಗಾರ ಬಂದ.

ಬುದ್ಧವಂದನೆ ಮುಗಿದಿತ್ತು. ಹೆಣಕ್ಕೆ ಮಂಚಮ್ಮ ಡ್ಯೂಟಿಯ ಖಾಕಿ ಶರಟು ಹಾಕಿಸಿದ್ದಳು, ಇಸ್ತ್ರಿ ಹಾಕಿದ್ದು ಅವಳೇ. ಮೇಣದ ಬತ್ತಿ ಹಿಡಿದು ಮುಂದೆ ನಡೆದಳು. ಮೇಲಿನ ಬೀದಿಯಲ್ಲಿ ಹೆಜ್ಜೆಗಳದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ತಮಟೆ ಇಲ್ಲದೆ ಸಾವು ಬರುತ್ತಿದೆಯಲ್ಲ ಎಂದು ಜನ ಬಾಗಿಲಿಗೆ ಬಂದರು, ಪುಟ್ಟರಾಜನ ಹೆಗಲು ನೋಡಿ ಅಲ್ಲೇ ನಿಂತರು. ಮಂಚಮ್ಮ ಯಾರ ಮುಖವನ್ನೂ ನೋಡಲಿಲ್ಲ. ಅವಳ ಎದೆ ಉಬ್ಬಿತ್ತು.

ಟಾರು ರಸ್ತೆಗೆ ಬರುವಾಗ ಎದುರಿಗೆ ನರಸೀಪುರದ ಬಸ್ಸು ಬಂತು. ಖಾಕಿ ಶರಟು ಕಂಡದ್ದೇ ಡ್ರೈವರು ಬಸ್ಸು ನಿಲ್ಲಿಸಿ ಎಂಜಿನ್ ಆಫ್ ಮಾಡಿದ. ಸ್ಟೀರಿಂಗಿನಿಂದ ಒಂದು ಕೈ ಎತ್ತಿದ.

ಮಂಚಮ್ಮ ಮೇಣದ ಬತ್ತಿಯನ್ನು ಎಡಗೈಗೆ ಬದಲಿಸಿಕೊಂಡು, ಬಲಗೈ ಎತ್ತಿದಳು.