ವೆಬ್‌ಸೈಟಿಗೆ ಹಾಕಿದ ಕೆಂಪು ಪರದೆ

ಕೃಷ್ಣಮೋಹನ ಭಟ್ಟರಿಗೆ ಧನ್ಯವಾದ ಸಮರ್ಪಣೆ ಎಂದರೆ ಪ್ರಾಣ. ಕಬಕದಿಂದ ಪುತ್ತೂರಿನವರೆಗೆ ಎಲ್ಲಿ ಶಾಮಿಯಾನ ಎದ್ದರೂ ಕಾರ್ಯಕ್ರಮದ ಕೊನೆಗೆ ಮೈಕು ಹಿಡಿದು, ಕುರ್ಚಿ ಒದಗಿಸಿದವರಿಂದ ಹಿಡಿದು ಕುರ್ಚಿಯಲ್ಲಿ ಕುಳಿತವರವರೆಗೆ ಒಬ್ಬರನ್ನೂ ಬಿಡದೆ ಕೃತಜ್ಞತೆ ಹೇಳುವವರು ಅವರೇ. ಅಷ್ಟು ಹೊತ್ತಿಗೆ ಜನ ಎದ್ದು ಊಟದ ಪಂಕ್ತಿಯಲ್ಲಿ ಕುಳಿತಿರುತ್ತಾರೆ. ಭಟ್ಟರು ಖಾಲಿ ಕುರ್ಚಿಗಳಿಗೂ ಕೈಮುಗಿದೇ ವೇದಿಕೆ ಇಳಿಯುವುದು. ಹೀಗೆ ಊರಿಗೆಲ್ಲ ಋಣಿಯಾದ ಮನುಷ್ಯ ಮನೆಯಲ್ಲಿ ಹೆಂಡತಿಗೆ ಒಂದು ದಿನವೂ ಒಂದು ಒಳ್ಳೆಯ ಮಾತು ಹೇಳಿದವರಲ್ಲ.

ಹೆಂಡತಿ ಪರಮೇಶ್ವರಿ ವರ್ಷಗಳಿಂದ ಮಿಡಿ ಉಪ್ಪಿನಕಾಯಿ ಹಾಕಿ, ಹಲಸಿನ ಹಪ್ಪಳ ಒತ್ತಿ ಮಾರುತ್ತಿದ್ದಳು. ಗಂಡನ ಧನ್ಯವಾದಕ್ಕೆ ಅವಳೇನೂ ಬಾಯಿ ಬಿಟ್ಟು ಕಾದಿರಲಿಲ್ಲ. ಅವಳ ಹೊಟ್ಟೆಯುರಿ ಬೇರೆ. ಪೇಟೆಯಲ್ಲಿ ಅವಳ ಸರಕಿಗೆ ಇದ್ದ ಹೆಸರು ‘ಕೃಷ್ಣಮೋಹನಣ್ಣನ ಉಪ್ಪಿನಕಾಯಿ’. ಈ ಕೃಷ್ಣಮೋಹನಣ್ಣ ಭರಣಿಯ ಬಾಯಿ ಕಟ್ಟಿದ ಬಟ್ಟೆಯನ್ನು ಬಿಚ್ಚಿ ನೋಡಿದವರಲ್ಲ. ಮಿಡಿಗೆ ಉಪ್ಪು ಎಷ್ಟು ಎಂದು ಯಾರಾದರೂ ಕೇಳಿದರೆ ‘ರುಚಿಗೆ ತಕ್ಕಷ್ಟು’ ಎಂದು ಗಂಭೀರವಾಗಿ ಹೇಳುತ್ತಿದ್ದರು, ಕೇಳಿದವರು ತಲೆದೂಗುತ್ತಿದ್ದರು.

ಹೀಗಿರುವಾಗ ಮೈಸೂರಿನಿಂದ ಯಶಸ್ವಿ ಎಂಬವಳ ಫೋನು ಬಂತು. ಸುಳ್ಯದ ಕಡೆಯ ಹುಡುಗಿ, ಮೈಸೂರಿನಲ್ಲಿ ಊರಿನ ತಿಂಡಿತಿನಿಸುಗಳ ಅಂಗಡಿ ಇಟ್ಟಿದ್ದಳು. ಯಾವುದೋ ಮದುವೆಯ ಊಟದಲ್ಲಿ ಮಿಡಿಯ ರುಚಿ ಹತ್ತಿ, ಅಡಿಗೆಯವರನ್ನು ಹಿಡಿದು ಪರಮೇಶ್ವರಿಯ ನಂಬರು ಪಡೆದಿದ್ದಳು.

“ಆಂಟಿ, ನಿಮ್ಮದೊಂದು ವೆಬ್‌ಸೈಟ್ ಉಂಟಾ? ಇಲ್ಲದಿದ್ರೆ ಸಣ್ಣದೊಂದು ಮಾಡಿಸಿ. ನನ್ನ ಜೊತೆ ಅಂಗಡಿ ನಡೆಸುವವರು ನೋಡ್ಬೇಕು. ಬರುವ ಭಾನುವಾರ ಸಂಜೆ ಕೂತು, ಈ ವರ್ಷ ಯಾರದ್ದು ಇಡುದು ಅಂತ ತೀರ್ಮಾನ ಮಾಡ್ತೇವೆ. ನಮ್ಮಲ್ಲಿ ಬಾಟ್ಲಿಯ ಮೇಲೆ ಮಾಡಿದವರದ್ದೇ ಹೆಸರು ಇರುದು, ಮತ್ತೆ.”

ಕೊನೆಯ ಮಾತು ಪರಮೇಶ್ವರಿಯ ಎದೆಗೆ ನಾಟಿತು. ವ್ಯಾಪಾರ ಹೇಗೂ ನಡೆಯುತ್ತಿತ್ತು. ಅವಳಿಗೆ ಬೇಕಾದದ್ದು ಆ ಬಾಟಲಿಯ ಮೇಲಿನ ಹೆಸರು.

ಮರುದಿನವೇ ಬಸ್ಸು ಹತ್ತಿ, ಪುತ್ತೂರಿನಲ್ಲಿ ಬದಲಿಸಿ, ಕುಂಬ್ರದ ರೂಪೇಶನ ಅಂಗಡಿಗೆ ಹೋದಳು. ರೂಪೇಶ ಫ್ಲೆಕ್ಸ್ ಮಾಡುವವನು. ಈ ಸುತ್ತಿನ ಸಾರ್ವಜನಿಕ ಮುಖಗಳೆಲ್ಲ ಅವನ ಕಂಪ್ಯೂಟರಿನಲ್ಲಿ ಕೈಮುಗಿದು ಸಾಲಾಗಿ ನಿಂತಿದ್ದವು. ಹುಟ್ಟುಹಬ್ಬಕ್ಕೆ ಬಳಸಿದ ಮುಖವನ್ನೇ ಹಿನ್ನೆಲೆ ಬದಲಿಸಿ ಶ್ರದ್ಧಾಂಜಲಿಗೂ ಹಾಕುತ್ತಿದ್ದ. ಇತ್ತೀಚೆಗೆ ವೆಬ್‌ಸೈಟ್ ಮಾಡುವ ಒಂದು ಸಾಫ್ಟ್‌ವೇರನ್ನೂ ತಂದುಕೊಂಡಿದ್ದ. ಬರೆಯುವ ಕೆಲಸವಿಲ್ಲ. ಚಿತ್ರವನ್ನು ಮೌಸಿನಲ್ಲಿ ಹಿಡಿದು, ಬೇಕಾದಲ್ಲಿ ಎಳೆದು ಬಿಟ್ಟರೆ ಅಲ್ಲೇ ಕೂರುತ್ತದೆ.

“ಫ್ಲೆಕ್ಸಿನ ಹಾಗೆಯೇ ಅಕ್ಕ,” ಎಂದ ರೂಪೇಶ. “ಫ್ಲೆಕ್ಸಿಗೆ ಉದ್ದ ಅಗಲ ಅಂತ ಉಂಟು. ಇದಕ್ಕೆ ಉದ್ದದ ಲೆಕ್ಕವೇ ಇಲ್ಲ. ಕೆಳಗೆ ಎಷ್ಟು ಬೇಕಾದ್ರೂ ಎಳಿಬಹುದು.”

ಮಧ್ಯಾಹ್ನ ದಾಟುವುದರೊಳಗೆ ಪುಟ ತಯಾರಾಯಿತು. ಮೇಲೆ ‘ಪರಮೇಶ್ವರಿ, ಕಬಕ’ ಎಂದು ದೊಡ್ಡ ಅಕ್ಷರ. ಕೆಳಗೆ ಭರಣಿ ಹಿಡಿದುಕೊಂಡ ಅವಳ ಫೋಟೋ, ಮಿಡಿ, ಹಪ್ಪಳ, ಮಾವಿನ ರಸ ಒಣಗಿಸಿದ ಮಾಂಬಳದ ಚಿತ್ರಗಳು, ಫೋನ್ ನಂಬರು. ಅಷ್ಟೆ. ನೋಡಿ ಪರಮೇಶ್ವರಿಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

“ಈಗ ಇದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಉಂಟು,” ಎಂದು ರೂಪೇಶ ವಿವರಿಸಿದ. “ಹೋಸ್ಟಿಂಗ್ ಅಂತ ಒಂದು ಜಾಗ ಬಾಡಿಗೆಗೆ ತೆಗೊಳ್ಳುದು. ಪಬ್ಲಿಶ್ ಒತ್ತಿದ್ರೆ ಇಲ್ಲಿಂದ ಅಲ್ಲಿಗೆ ಹೋಗ್ತದೆ. ಅಲ್ಲಿಗೆ ಹೋದ ಮೇಲೆಯೇ ಲೋಕಕ್ಕೆ ಕಾಣುದು.”

ಜಾಗ ಅವಳ ಹೆಸರಿಗೇ ಆಯಿತು. ಅದರೊಳಗೆ ಹೋಗಬೇಕಾದರೆ ಪ್ರತಿ ಸಲ ಅವಳ ಮೊಬೈಲಿಗೆ ಒಟಿಪಿ ಬರುತ್ತದೆ, ಅದನ್ನು ಹೇಳದೆ ಬಾಗಿಲು ತೆರೆಯದು. ತೋಟ, ಮನೆ, ಜೀಪು ಎಲ್ಲ ಭಟ್ಟರ ಹೆಸರಿನಲ್ಲಿ ಇದ್ದವು. ಎಲ್ಲಿದೆಯೆಂದು ತನಗೇ ಗೊತ್ತಿಲ್ಲದ ಈ ಬಾಡಿಗೆ ಜಾಗವೊಂದು ತನ್ನ ಹೆಸರಿಗೆ ಬಂತಲ್ಲ ಎಂದು ಅವಳಿಗೆ ನಗು ಬಂತು.

“ಒತ್ತುದಾ ಅಕ್ಕ?”

“ಮನೆಯಲ್ಲಿ ಇವರಿಗೆ ಒಂದು ಮಾತು ಹೇಳ್ತೇನೆ. ನಾಳೆ ಒತ್ತುವ.”

ಆ ಮಾತು ಬಾಯಿಂದ ಬಂದದ್ದು ಬರೀ ಅಭ್ಯಾಸಬಲದಿಂದ. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಭಟ್ಟರು ಸುದ್ದಿ ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟರು. “ಸುಮ್ಮನೆ ಗುಂಡಿ ಒತ್ತುದಾ? ಎಂತ ಮಾತು! ಈ ಊರಲ್ಲಿ ಬಸ್‌ಸ್ಟ್ಯಾಂಡಿನ ಕಕ್ಕಸಿಗೂ ಉದ್ಘಾಟನೆ ಆಗ್ತದೆ. ನಮ್ಮ ವೆಬ್‌ಸೈಟಿಗೆ ಇಲ್ವಾ?”

“ಕಕ್ಕಸಿಗೆ ಆಗಿದೆ ಹೌದು. ಅದರ ಬೀಗ ಇನ್ನೂ ತೆಗೀಲಿಲ್ಲ,” ಎಂದಳು ಪರಮೇಶ್ವರಿ.

ಭಟ್ಟರಿಗೆ ಅದು ಕೇಳಿಸಲಿಲ್ಲ. ಅವರಾಗಲೇ ಆಮಂತ್ರಣ ಪತ್ರಿಕೆಯಲ್ಲಿ ಮುಳುಗಿದ್ದರು. ಭಾನುವಾರ ಬೆಳಗ್ಗೆ ಎಂದು ನಿಗದಿಯಾಯಿತು. ಸಂಜೆ ಯಶಸ್ವಿ ನೋಡುವುದರೊಳಗೆ ಎಲ್ಲ ಮುಗಿಯುತ್ತದೆ, ತೊಂದರೆ ಎಂತದು ಎಂದು ಹೆಂಡತಿಯ ಬಾಯಿ ಮುಚ್ಚಿಸಿದರು. ಉದ್ಘಾಟಕರು ಕಲ್ಲುಗುಂಡಿಯ ಪದ್ಮಯ್ಯ ಗೌಡರು. ಯಾವುದೋ ಸೊಸೈಟಿಯ ಮಾಜಿ ಅಧ್ಯಕ್ಷರು. ಕತ್ತರಿ ಕೊಟ್ಟರೆ ಟೇಪು, ಬೆಂಕಿಪೊಟ್ಟಣ ಕೊಟ್ಟರೆ ದೀಪ, ಯಾವುದಕ್ಕೂ ಇಲ್ಲ ಎಂದವರಲ್ಲ.

ಪತ್ರಿಕೆಯಲ್ಲಿ ಹೆಸರಿದ್ದವರ ಫೋಟೋ ವೆಬ್‌ಸೈಟಿನಲ್ಲಿ ಇಲ್ಲದಿದ್ದರೆ ಹೇಗೆ? ಉದ್ಘಾಟಕರ ಫೋಟೋ ಮೇಲೆ ಬಂತು. ಅಧ್ಯಕ್ಷತೆ ವಹಿಸುವವರು ಬಂದರು. ಗೌರವ ಉಪಸ್ಥಿತಿಯವರು ಬಂದರು. ಉಪಸ್ಥಿತಿಯಲ್ಲಿ ಒಬ್ಬರನ್ನು ಹಾಕಿ ಅವರ ಭಾವನನ್ನು ಬಿಟ್ಟರೆ ಮನಸ್ತಾಪವಾಗುತ್ತದೆಂದು ಭಾವನೂ ಬಂದರು. ರೂಪೇಶ ಮೊದಲಿನ ಪುಟದ ಪ್ರತಿ ತೆಗೆದು, ಅದನ್ನು ಕೆಳಗೆ ಎಳೆದ, ಇನ್ನೂ ಎಳೆದ. ಉದ್ದಕ್ಕೆ ಲೆಕ್ಕವಿಲ್ಲ ಎಂದವನು ಅವನೇ ತಾನೆ. ಕೊನೆಗೆ ಪರಮೇಶ್ವರಿಯ ಭರಣಿ ಧ್ವನಿವರ್ಧಕದವನ ಫೋಟೋದ ಕೆಳಗೆ ಹೋಗಿ ಕೂತಿತು. ಅದರಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಶ್ರೀಮತಿ ಕೃಷ್ಣಮೋಹನ ಭಟ್’ ಎಂದಿತ್ತು.

“ನನ್ನ ಹೆಸರು ಎಲ್ಲಿ?” ಎಂದು ಕೇಳಿದಳು.

“ಉಂಟಲ್ಲ, ಶ್ರೀಮತಿ ಅಂತ,” ಎಂದರು ಭಟ್ಟರು. ಅವರ ಮುಖದಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ.

ಫೋನ್ ನಂಬರಾದರೂ ಉಳಿಯಿತಲ್ಲ ಎಂದು ಪರಮೇಶ್ವರಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಂಜೆ ಯಶಸ್ವಿಗೆ ಏನಾದರೊಂದು ಕಾಣಬೇಕಿತ್ತು.

ಶನಿವಾರ ಭಟ್ಟರಿಗೆ ಹೊಸ ಚಿಂತೆ ಹತ್ತಿತು. ವೆಬ್‌ಸೈಟನ್ನು ಮೊದಲೇ ಲೋಕಕ್ಕೆ ಬಿಟ್ಟು, ಯಾರಾದರೂ ಮೊಬೈಲಿನಲ್ಲಿ ನೋಡಿಬಿಟ್ಟರೆ ಪದ್ಮಯ್ಯ ಗೌಡರು ಬಂದು ಉದ್ಘಾಟಿಸುವುದೆಂತದನ್ನು? ಎಂಜಲು ಎಲೆಯ ಮುಂದೆ ಕೂರಿಸಿದ ಹಾಗಾಗುತ್ತದೆ.

“ಪರದೆ ಹಾಕುವ ಅಣ್ಣ,” ಎಂದ ಲ್ಯಾಪ್‌ಟಾಪ್ ಹಿಡಿದು ಮನೆಗೇ ಬಂದಿದ್ದ ರೂಪೇಶ. ಶಿಲಾನ್ಯಾಸದ ಕಲ್ಲಿಗೆ ಹಾಕುವಂಥದ್ದೇ ಕೆಂಪು ಪರದೆಯ ಚಿತ್ರ ಹುಡುಕಿ, ನಡುವೆ ‘ಉದ್ಘಾಟಿಸಿ’ ಎಂದು ಹಳದಿ ಗುಂಡಿ ಇಟ್ಟ. ಕೆಳಗೆ ‘ಉದ್ಘಾಟಕರು ಆಗಮಿಸಲಿದ್ದಾರೆ’ ಎಂದು ಬರೆದ. ಪರದೆಯನ್ನು ಮಾತ್ರ ಪಬ್ಲಿಶ್ ಮಾಡುವುದು, ಒಳಗಿನದು ಲ್ಯಾಪ್‌ಟಾಪಿನಲ್ಲೇ ಇರುವುದು, ಕಾರ್ಯಕ್ರಮ ಆದ ಮೇಲೆ ಅದನ್ನೂ ಕಳಿಸುವುದು ಎಂದಾಯಿತು. ಭಟ್ಟರು ಅವನ ಬೆನ್ನು ತಟ್ಟಿದರು. ಪಾಯಸಕ್ಕೆ ತೆಂಗಿನಕಾಯಿ ತುರಿಯುತ್ತಿದ್ದ ಪರಮೇಶ್ವರಿ ಕೈ ಒರೆಸಿಕೊಂಡು ಬಂದು, ಯಾವುದಕ್ಕೆಂದೂ ಕೇಳದೆ ಒಟಿಪಿ ಹೇಳಿ ಒಳಗೆ ಹೋದಳು.

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಒಣಗಲು ಹಾಕಿದ್ದ ಹಪ್ಪಳದ ಚಾಪೆಗಳನ್ನೆಲ್ಲ ಎತ್ತಿಸಿ ಶಾಮಿಯಾನ ಹಾಕಿದರು. ಹಪ್ಪಳದ ವೆಬ್‌ಸೈಟಿಗಾಗಿ ಹಪ್ಪಳಕ್ಕೇ ಜಾಗವಿಲ್ಲದಾಯಿತು. ಪದ್ಮಯ್ಯ ಗೌಡರು ತಡವಾಗಿಯೇ ಬಂದರು, ಬಂದವರು ರೂಪೇಶನ ಲ್ಯಾಪ್‌ಟಾಪಿನಲ್ಲಿ ಗುಂಡಿ ಒತ್ತಿದರು. ಪ್ರೊಜೆಕ್ಟರಿನ ಬಿಳಿ ಬಟ್ಟೆಯ ಮೇಲೆ ಕೆಂಪು ಪರದೆ ಎರಡು ಬದಿಗೆ ಸರಿದು, ಗೌಡರ ಮುಖವೇ ಹುಬ್ಬಿನಿಂದ ಗಲ್ಲದವರೆಗೆ ತುಂಬಿಕೊಂಡು ಕಾಣಿಸಿತು. ಚಪ್ಪಾಳೆ ಬಿತ್ತು. ಬಡಿಸಲು ಬಾಳೆಲೆ ಒರೆಸುತ್ತಿದ್ದ ಪರಮೇಶ್ವರಿಯೂ ಅಡಿಗೆಕೋಣೆಯ ಬಾಗಿಲಲ್ಲಿ ನಿಂತು ಅದನ್ನು ಕಣ್ಣಾರೆ ನೋಡಿದಳು.

“ಈ ಕ್ಷಣದಿಂದ ಈ ಮನೆಯ ಉಪ್ಪಿನಕಾಯಿ ಇಡೀ ಪ್ರಪಂಚಕ್ಕೆ ಕಾಣ್ತದೆ,” ಎಂದು ಗೌಡರು ಘೋಷಿಸಿದರು. “ನೆಕ್ಕಲಿಕ್ಕೆ ಮಾತ್ರ ಕಬಕಕ್ಕೇ ಬರ್ಬೇಕು.” ಜನ ನಕ್ಕರು. ಭಟ್ಟರು ಧನ್ಯವಾದಕ್ಕೆ ಎದ್ದರು. ಗೌಡರಿಗೆ ಹೇಳಿದರು, ಕರೆಂಟು ತೆಗೆಯದ ಇಲಾಖೆಗೆ ಹೇಳಿದರು, ಮೌಸಿಗೂ ಹೇಳಿದರು. ಒಬ್ಬಳನ್ನು ಬಿಟ್ಟರು. ಅವಳು ಆ ಹೊತ್ತಿಗೆ ಪಂಕ್ತಿಯಲ್ಲಿ ಅದೇ ಉಪ್ಪಿನಕಾಯಿ ಬಡಿಸುತ್ತಿದ್ದಳು.

ಊಟವಾದ ಮೇಲೆ ರೂಪೇಶ ಲ್ಯಾಪ್‌ಟಾಪ್ ಬಿಡಿಸಿದ. “ಒಳಗಿನದ್ದು ಕಳಿಸ್ತೇನೆ ಅಣ್ಣ. ಅಕ್ಕನ ಹತ್ರ ಒಟಿಪಿ ಕೇಳಿ.”

“ನಿಲ್ಲು ಮಾರಾಯ,” ಎಂದರು ಭಟ್ಟರು. “ಇವತ್ತಿನ ಕಾರ್ಯಕ್ರಮದ ಫೋಟೋ ಇಲ್ಲದೆ ಕಳಿಸುದು ಹೇಗೆ? ಗೌಡರು ಗುಂಡಿ ಒತ್ತುದು ಬೇಡ್ವಾ? ಫೋಟೋಗ್ರಾಫರ್ ಎರಡು ದಿನದಲ್ಲಿ ಕೊಡ್ತಾನೆ. ಒಟ್ಟಿಗೇ ಹಾಕುವ.”

ರೂಪೇಶ ಇನ್ನೊಂದು ಲೋಟ ಪಾಯಸ ಕುಡಿದು ಮನೆಗೆ ಹೋದ. ಈ ಮಾತುಕತೆ ಪರಮೇಶ್ವರಿಯ ಕಿವಿಗೆ ಬೀಳಲಿಲ್ಲ. ಅವಳು ಪಾತ್ರೆಗಳ ನಡುವೆ ನಿಂತುಕೊಂಡೇ ಯಶಸ್ವಿಗೆ ವಿಳಾಸದ ಜೊತೆ ಸಂದೇಶ ಕಳಿಸಿದಳು: ‘ವೆಬ್‌ಸೈಟ್ ಆಯ್ತು. ನೋಡಿ.’

ಉತ್ತರ ಬಂದದ್ದು ಸೋಮವಾರ ಬೆಳಗ್ಗೆ. ‘ಆಂಟಿ, ಸಂಜೆಯಿಂದ ಎಷ್ಟೋ ಸಲ ನೋಡಿದ್ವಿ. ಉದ್ಘಾಟಕರು ಇನ್ನೂ ಬರ್ಲಿಲ್ಲ ಅಂತ ಕಾಣ್ತದೆ. ನಿಮಗೆ ಎರಡು ಸಲ ಫೋನೂ ಮಾಡಿದೆ, ತೆಗೀಲಿಲ್ಲ. ಜೊತೆಯವರು ಕಾಯ್ಲಿಕ್ಕೆ ಒಪ್ಪಲಿಲ್ಲ. ಈ ಸಲ ಬೇರೆಯವರದ್ದು ತೆಗೊಂಡ್ವಿ. ಬೇಜಾರು ಮಾಡ್ಬೇಡಿ.’

ಪರಮೇಶ್ವರಿಗೆ ತಲೆಬುಡ ಅರ್ಥವಾಗಲಿಲ್ಲ. ಮೊದಲ ಸಲ ತನ್ನ ಮೊಬೈಲಿನಲ್ಲೇ ವೆಬ್‌ಸೈಟ್ ತೆರೆದಳು. ಕೆಂಪು ಪರದೆ. ‘ಉದ್ಘಾಟಕರು ಆಗಮಿಸಲಿದ್ದಾರೆ.’ ಹಳದಿ ಗುಂಡಿ ಒತ್ತಿದಳು. ಪುಟ ಇಲ್ಲ ಎಂದು ಬಂತು. ಮತ್ತೆ ಒತ್ತಿದಳು. ಅಂಗಳದಲ್ಲಿ ಕೂತು ಚಪ್ಪಾಳೆ ತಟ್ಟಿದವರಿಗೆ ಮಾತ್ರ ತೆರೆದ ಪರದೆ ಅದು, ಲೋಕಕ್ಕೆ ತೆರೆದೇ ಇರಲಿಲ್ಲ. ಹಿಂದಿನ ಸಂಜೆ ಫೋನು ಹೊಡೆದುಕೊಳ್ಳುವಾಗ ಅವಳು ಉದ್ಘಾಟನೆಗೆ ಬಂದವರ ಎಂಜಲೆಲೆ ಎತ್ತಿ, ಹಂಡೆ ತಿಕ್ಕುತ್ತಿದ್ದಳು.

ಅವಳಿಗೆ ಅಳು ಬಂತು, ಅತ್ತಳು. ಆಮೇಲೆ ಸಿಟ್ಟು ಬಂತು. ಅದು ಮಾತ್ರ ಇಳಿಯಲಿಲ್ಲ.

ಭಟ್ಟರು ಎಲ್ಲ ಕೇಳಿ, ಬಾಯಿಗೊಂದು ಹೋಳು ಅಡಿಕೆ ಹಾಕಿಕೊಂಡರು. “ಅದಕ್ಕೆಂತ ತಲೆ ಬಿಸಿ? ಫೋಟೋ ಬಂದ ಮೇಲೆ ಸಣ್ಣದಾಗಿ ಒಂದು ಮರು ಉದ್ಘಾಟನೆ ಮಾಡುವ. ಗೌಡರಿಗೆ ನಾನು ಹೇಳ್ತೇನೆ.”

ಪರಮೇಶ್ವರಿ ಸೀರೆ ಬದಲಿಸಿ ಬಸ್ಸಿಗೆ ಹೋದಳು. ಈ ಸಲ ಮನೆಯಲ್ಲಿ ಒಂದು ಮಾತು ಹೇಳುವ ಅಭ್ಯಾಸವನ್ನೂ ಮನೆಯಲ್ಲೇ ಬಿಟ್ಟು ಹೋದಳು.

“ಮೊದಲು ಮಾಡಿದ್ದು ಉಂಟಲ್ಲ, ನನ್ನ ಹೆಸರಿನದ್ದು? ಅದನ್ನು ಕಳಿಸು,” ಎಂದಳು ರೂಪೇಶನಿಗೆ. “ಪರದೆ ಕಿತ್ತು ಬಿಸಾಡು. ಆ ಗಂಡಸರನ್ನೆಲ್ಲ ನಿನ್ನ ಲ್ಯಾಪ್‌ಟಾಪಿನಲ್ಲೇ ಇಟ್ಟುಕೋ, ಶ್ರದ್ಧಾಂಜಲಿಗೆ ಬೇಕಾಗ್ತದೆ.”

“ಅಣ್ಣನಿಗೆ ಎಂತ ಹೇಳುದು ಅಕ್ಕ?”

“ಧನ್ಯವಾದ ಹೇಳು.”

ಮೊಬೈಲಿಗೆ ಒಟಿಪಿ ಬಂತು, ಅವಳು ಓದಿ ಹೇಳಿದಳು. ರೂಪೇಶ ಪಬ್ಲಿಶ್ ಒತ್ತಿದ. ನೀಲಿ ಗೆರೆಯೊಂದು ತೆವಳಿಕೊಂಡು ಕೊನೆ ಮುಟ್ಟಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪರಮೇಶ್ವರಿ ತನ್ನ ಮೊಬೈಲಿನಲ್ಲೇ ತೆರೆದು ನೋಡಿ, ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದಳು. ಮೈಸೂರಿನ ಬಾಟಲಿಗಳ ಮೇಲೆ ಈ ವರ್ಷ ಬೇರೆ ಯಾರದೋ ಹೆಸರಿರುತ್ತದೆ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತಿತ್ತು. ಆದರೂ ಯಶಸ್ವಿಗೆ ಬರೆದಳು: ‘ಈಗ ನಿಜವಾಗಿ ಆಯ್ತು. ಮುಂದಿನ ವರ್ಷಕ್ಕೆ ನೋಡಿಟ್ಟುಕೊಳ್ಳಿ.’

ಭಟ್ಟರಿಗೆ ವಿಷಯ ತಿಳಿದದ್ದು ಪುತ್ತೂರಿನ ಒಂದು ಸಭೆಯಲ್ಲಿ, ಧನ್ಯವಾದಕ್ಕೆ ತುಸು ಮುಂಚೆ. ಪಕ್ಕದಲ್ಲಿ ಕುಳಿತವರು ಮೊಬೈಲಿನಲ್ಲಿ ತೆರೆದು ತೋರಿಸಿದರು. ಭಟ್ಟರು ಬೆರಳಿನಿಂದ ಮೇಲೆ ತಳ್ಳಿದರು, ಕೆಳಗೆ ತಳ್ಳಿದರು. ಗೌಡರಿಲ್ಲ, ಉಪಸ್ಥಿತಿಯವರಿಲ್ಲ, ಭಾವನಿಲ್ಲ. ತಾನೂ ಇಲ್ಲ. ಅಂದು ಅವರು ಧನ್ಯವಾದವನ್ನು ಚುಟುಕಾಗಿ ಮುಗಿಸಿದ್ದು ಕಂಡು ಊಟಕ್ಕೆ ಕುಳಿತವರೇ ಬೆರಗಾದರು. ಅಲ್ಲಿಂದ ನೇರ ಕುಂಬ್ರಕ್ಕೆ ಜೀಪು ಓಡಿಸಿದರು.

ಪರಮೇಶ್ವರಿ ಭರಣಿಗೆ ಕೈ ಹಾಕಲಿಕ್ಕೆಂದು ಕೈ ತೊಳೆದು, ನೀರಿನ ಪಸೆ ಉಳಿಯದಂತೆ ಒರೆಸಿಕೊಳ್ಳುತ್ತಿದ್ದಳು. ಮೊಬೈಲಿಗೆ ಒಂದು ಸಂದೇಶ ಬಂತು. ಅದರ ಹಿಂದೆಯೇ ಗಂಡನ ಫೋನು.

“ಒಂದು ನಂಬರ್ ಬಂದಿರ್ಬೇಕು, ನೋಡು.”

“ಬಂದಿದೆ.”

“ಬೇಗ ಹೇಳು. ತಡ ಆದ್ರೆ ಹಾಳಾಗ್ತದಂತೆ ಅದು. ನಾನಿಲ್ಲಿ ರೂಪೇಶನ ಅಂಗಡಿಯಲ್ಲಿ ಇದ್ದೇನೆ. ಫೋಟೋಗ್ರಾಫರ್ ಕೊಟ್ಟ ಫೋಟೋ ಎಲ್ಲ ತಂದಿದ್ದೇನೆ.”

“ಹೇಳುವ,” ಎಂದಳು ಪರಮೇಶ್ವರಿ. “ಆದ್ರೆ ಸುಮ್ಮನೆ ಹಾಗೆ ಹೇಳುದಾ? ಉದ್ಘಾಟಕರು ಬರ್ಲಿ.”

ಆ ಕಡೆಯಿಂದ ಭಟ್ಟರು ಎಂತ, ಎಂತ ಎನ್ನುತ್ತಲೇ ಇದ್ದರು. ಅವಳು ಫೋನನ್ನು ಕಿಟಕಿಯ ದಂಡೆಯ ಮೇಲೆ ಮಗುಚಿ ಇಟ್ಟು, ಭರಣಿಯ ಬಟ್ಟೆ ಬಿಚ್ಚಿ ಒಣಗಿದ ಕೈಯನ್ನು ಒಳಗೆ ಇಳಿಸಿದಳು.