ಮೊರಿಯೊನ ಸೊಟ್ಟ ತುಟಿ

ತಮ್ಮ ಮೊರಿಯೊ ಸಮುದ್ರದ ಪಾಲಾದ ವರ್ಷವೇ ಅಪ್ಪ ನಮ್ಮ ಮನೆಯ ಹೆಂಚು ತೆಗೆದು ಹೊಸದಾಗಿ ಹೊದಿಸಿದ. ಓಕಿನಾವಾದ ನಮ್ಮ ದ್ವೀಪದಲ್ಲಿ ಹೆಂಚು ಹೊದಿಸುವವರೇ ಕೊನೆಗೆ ಉಳಿದ ಗಾರೆ, ಒಡೆದ ಹೆಂಚು ಸೇರಿಸಿ ಮಾಡಿನ ಮೇಲೊಂದು ಶೀಸಾ ಕೂರಿಸುತ್ತಾರೆ. ಅರ್ಧ ಸಿಂಹ, ಅರ್ಧ ನಾಯಿ. ಬೀದಿಯ ಕಡೆ ಹಲ್ಲು ಕಿರಿದು ಕೆಟ್ಟದ್ದನ್ನು ಹೊರಗೇ ತಡೆಯುವಂಥದ್ದು. ಅಪ್ಪ ಊರಿಗೆಲ್ಲ ಮಾಡಿಕೊಟ್ಟವನು. ನಮ್ಮದಕ್ಕೆ ಮಾತ್ರ ಕೆಳತುಟಿಯನ್ನು ಎಡಕ್ಕೆ ಸೊಟ್ಟ ಮಾಡಿದ. ಚಿಕ್ಕವನಿದ್ದಾಗ ಬಂಡೆಯ ಮೇಲೆ ಬಿದ್ದು ಹರಿದುಕೊಂಡ ಮೊರಿಯೊನ ತುಟಿ ಹಾಗೇ ಇತ್ತು. ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ಅಮ್ಮ ಬೆಳಿಗ್ಗೆ ಅಂಗಳ ಗುಡಿಸಿ, ಪೊರಕೆ ಹಿಡಿದೇ ಒಮ್ಮೆ ತಲೆಯೆತ್ತಿ ನೋಡುತ್ತಿದ್ದಳು, ಅಷ್ಟೆ.

ನಮ್ಮಲ್ಲಿ ಕಿರಿಯಳು ಚಿನಾಮಿ. ಟೋಕಿಯೊಗೆ ಹೋಗಿ ಮಕ್ಕಳ ಚಿತ್ರಕಥೆ ಬರೆಯತೊಡಗಿದಳು. ಅವಳು ಹುಟ್ಟಿಸಿದ ‘ಗಬು’ ದೇಶಕ್ಕೆಲ್ಲ ಹುಚ್ಚು ಹಿಡಿಸಿತು. ಸಿಂಹದ ಕೇಸರ, ನಾಯಿಯ ಬಾಲ, ಎಡಕ್ಕೆ ಸೊಟ್ಟ ತುಟಿ. ಮಹಾ ಪುಕ್ಕಲು. ಅಲೆ ಕಂಡರೆ ಸಾಕು, “ಅಮ್ಮಾ!” ಎಂದು ಕಿರುಚಿ ಓಡುತ್ತದೆ.

ಯಾವುದೋ ಸಂದರ್ಶನದಲ್ಲಿ ಅವಳು ‘ಗಬು ನಮ್ಮನೆ ಮಾಡಿನ ಮೇಲಿದ್ದಾನೆ’ ಎಂದುಬಿಟ್ಟಿದ್ದಳು. ಆಮೇಲೆ ದೋಣಿ ಬಂದಾಗಲೆಲ್ಲ ನಮ್ಮ ಬಾಗಿಲಿಗೆ ಜನ.

“ಗಬು, ಅಲೆ ಬಂತು! ಓಡೋ!” ಎಂದು ಮಕ್ಕಳು ಕೂಗುತ್ತಿದ್ದವು. ಮತ್ತೆ ತಾವೇ ಒಟ್ಟಾಗಿ “ಅಮ್ಮಾ!” ಎಂದು ಕಿರುಚಿ ನಗುತ್ತಿದ್ದವು. ಒಳಗೆ ತುಪ್ಪದ ಹೀರೇಕಾಯಿ ಹೆರೆಯುತ್ತಿದ್ದ ಅಮ್ಮನ ಕೈ ನಿಂತುಬಿಡುತ್ತಿತ್ತು.

ಹಿರಿಯರ ಹಬ್ಬಕ್ಕೆ ಚಿನಾಮಿ ಬಂದಳು. ಸತ್ತವರಿಗೆ ಊರುಗೋಲಾಗಲೆಂದು ದೇವರ ಗೂಡಿನ ಪಕ್ಕ ಕಬ್ಬಿನ ಜಲ್ಲೆ ಇಡುತ್ತಿದ್ದ ಅಮ್ಮ ತಿರುಗಿ ನೋಡದೆ ಕೇಳಿದಳು, “ನಿಮ್ಮಣ್ಣನ್ನ ಊರವರೆಲ್ಲ ನಗೋ ಹಾಗೆ ಮಾಡಿದೆಯಲ್ಲ, ಹೊಟ್ಟೆ ತಣ್ಣಗಾಯ್ತಾ?”

“ನೀನು ಪುಸ್ತಕ ಓದೇ ಇಲ್ಲ, ಅಮ್ಮ. ಕಥೇಲಿ ಅವನು ಪ್ರತಿ ಸಲ ಮನೆಗೆ ವಾಪಸ್ ಬರ್ತಾನೆ. ಅದಕ್ಕೇ ಬರೆದಿದ್ದು.”

“ನಿನ್ನ ಕಥೇಲಿ ಬರ್ತಾನೆ. ನನ್ನ ಬಾಗಿಲಲ್ಲಿ ದಿನಾ ಮುಳುಗ್ತಾನೆ ಕಣೇ.”

ಚಿನಾಮಿ ನನ್ನ ಕಡೆ ತಿರುಗಿದಳು. “ಅಕ್ಕ, ನೀನಾದ್ರೂ ಹೇಳೇ. ಈ ಮನೇಲಿ ಅವನ ಹೆಸರು ಎತ್ತಿದ್ದು ನಾನೊಬ್ಳೇ ಅಲ್ವಾ?”

“ಹೆಸರೆಲ್ಲಿ ಎತ್ತಿದೆ? ಗಬು ಅಂತ ಇಟ್ಟೆ” ಎಂದೆ.

ಹಬ್ಬ ಮುಗಿಯುವ ಮೊದಲೇ ಅವಳು ದೋಣಿ ಹತ್ತಿದಳು.

“ಮಾಡಿನ ಮೇಲಿಂದ ಅದನ್ನ ಇಳಿಸಿಬಿಡಿ. ಆ ಮಕ್ಕಳ ಕೂಗು ನನ್ನ ಕೈಲಿ ಕೇಳಕ್ಕಾಗಲ್ಲ” ಎಂದು ಅಮ್ಮ ಅಪ್ಪನಿಗೆ ಹೇಳಿದಳು.

“ಹೆಂಚಿಗೆ ಕಚ್ಕೊಂಡಿದೆ ಮಾರಾಯ್ತಿ. ಇಳಿಸೋದು ಅಂದ್ರೆ ಒಡೆಯೋದೇ.”

“ಏನಾದ್ರೂ ಮಾಡಿ.”

ಒಡೆಯಲು ಅಪ್ಪನಿಗೆ ಕೈ ಬರಲಿಲ್ಲ. ಮೊಣಕಾಲು ನೋವಿನಲ್ಲೇ ಏಣಿ ಹತ್ತಿ, ಸುಣ್ಣದ ಗಾರೆ ಮೆತ್ತಿ ತುಟಿ ನೆಟ್ಟಗೆ ಮಾಡಿದ. ನಾನು ಕೆಳಗೆ ಏಣಿ ಹಿಡಿದಿದ್ದೆ. ಅವನು ಮತ್ತೆ ಮತ್ತೆ ಮೂಗು ಸೀಟುವುದು ಕೇಳುತ್ತಿತ್ತು. ಇಳಿದು ಬಂದು, “ಇನ್ನಿದು ಯಾರ ಮನೇದಾದ್ರೂ ಆಗಬಹುದು” ಎಂದ.

ಬಂದ ಜನ ಮೇಲೆ ನೋಡಿ, “ಈ ಮನೆ ಅಲ್ಲ ಅನ್ಸುತ್ತೆ” ಎಂದು ಮುಂದೆ ಹೋದರು. ಬೀದಿ ತಣ್ಣಗಾಯಿತು. ಅಮ್ಮ ಮಾತ್ರ ಪೊರಕೆ ಹಿಡಿದು ತುಂಬ ಹೊತ್ತು ಮಾಡಿನತ್ತ ನೋಡುತ್ತ ನಿಂತಳು.

“ನಾನು ಇಳಿಸಿ ಅಂದೆ. ಅಳಿಸಿ ಅಂದ್ನಾ?” ಎಂದಳು.

ಅಪ್ಪ ಮತ್ತೆ ಏಣಿ ಹತ್ತಿದ. ಉಳಿ ಹಿಡಿದು ಹೊಸ ಗಾರೆ ಕೆತ್ತತೊಡಗಿದಾಗ ಅದರೊಂದಿಗೆ ಹಳೆಯ ತುಟಿಯೂ ದವಡೆಯೂ ಕಿತ್ತು ಬಂದವು. ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ಬಂದು ಅಮ್ಮನ ಮುಂದೆ ನಿಂತ. ಅವಳು ಕೈ ಚಾಚಲಿಲ್ಲ.

ದೋಣಿಕಟ್ಟೆಯ ಅಂಗಡಿಯಲ್ಲಿ ಗಬು ಗೊಂಬೆಗಳನ್ನು ಸಾಲಾಗಿ ನೇತುಹಾಕಿದ್ದಾರೆ. ಮೀನು ತರುವ ನೆಪದಲ್ಲಿ ಅಮ್ಮ ಈಗ ಆ ದಾರಿಯಲ್ಲೇ ಹೋಗುತ್ತಾಳೆ. ಒಂದನ್ನು ಕೈಗೆತ್ತಿಕೊಂಡು ಹೆಬ್ಬೆರಳಿಂದ ಅದರ ತುಟಿ ಸವರಿ, ಇದ್ದಲ್ಲೇ ಇಟ್ಟು ಬರುತ್ತಾಳೆ. ಚಿನಾಮಿ ಫೋನ್ ಮಾಡಿದರೆ ಮಾತ್ರ ಎತ್ತುವುದಿಲ್ಲ.